ನೀರು ಕುಡಿಯಬಹುದು ಎಂದು ಯಾರೂ ಹೇಳಲಿಲ್ಲ

ಸಹೋದರಿಯರೇ, ಈ ತಿಂಗಳು ನಿಮ್ಮನ್ನು ಒಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡಬೇಕೆಂದಿದ್ದೇನೆ. ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಯ ಹೊರಗೆ ಇರುತ್ತದಲ್ಲ, ಒಂದು ಕಾಲು ಅಲ್ಲಾಡುವ ಕಬ್ಬಿಣದ ಬೆಂಚು, ಅದರ ಮೇಲೆ. ನಮ್ಮಲ್ಲಿ ಅದರ ಮೇಲೆ ಕೂರದ ಹೆಣ್ಣುಮಗಳು ಬಹುಶಃ ಇಲ್ಲ. ಬಸಿರಾದಾಗ ನಾಲ್ಕಾರು ಸಲ, ಮಕ್ಕಳ ಜ್ವರಕ್ಕೆ, ಅತ್ತೆಯ ಸಕ್ಕರೆಗೆ, ಕೊನೆಗೊಂದು ದಿನ ನಮ್ಮದೇ ಸಕ್ಕರೆಗೆ.

ಎರಡು ಬೇಸಿಗೆಗಳ ಹಿಂದೆ ನೀರಮಾನ್ವಿಯ ನಮ್ಮ ಓಣಿಯ ಒಬ್ಬ ಸೊಸೆಯನ್ನು ನಾನು ಹೀಗೆ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಏಳನೆಯ ತಿಂಗಳು ಹಿಡಿದಿತ್ತು. ಗಂಡ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ಅತ್ತೆಗೆ ಮೊಣಕಾಲು ನೋವು. ಶಾಲೆಗೆ ರಜೆ ಇದ್ದುದರಿಂದ ನಾನೇ ಹೊರಟೆ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟೆವು. ಹತ್ತೂವರೆಗೆ ಅವಳು ಆ ಬೆಂಚಿನ ಮೇಲಿಂದ ಪಕ್ಕಕ್ಕೆ ವಾಲಿ ನನ್ನ ತೋಳಿನ ಮೇಲೆ ಬಿದ್ದಳು. ಮುಖದ ಮೇಲೆ ನೀರು ಚಿಮುಕಿಸಿ, ಕುಡಿಸಲು ಹೋದರೆ ತುಟಿ ಬಿಗಿಹಿಡಿದಳು. “ರೋಝೇ ಮೇಚ್ ಆಯಿ ಬಾಜಿ, ಪಾನಿ ಬೀ ನೈ ಪಿಯಿ” ಎಂದಳು. ರೋಝಾ ಇದ್ದೇ ಬಂದಿದ್ದೇನೆ, ನೀರನ್ನೂ ಕುಡಿದಿಲ್ಲ ಎಂದು. ಅದು ರಮಝಾನ್ ತಿಂಗಳಲ್ಲ. ಹಿಂದಿನ ದಿನ ಚೀಟಿ ಬರೆದುಕೊಟ್ಟವರು ‘ನಾಳೆ ಉಪವಾಸ ಬಾ’ ಎಂದಿದ್ದರಂತೆ. ನಮ್ಮ ಹೆಣ್ಣುಮಕ್ಕಳಿಗೆ ಉಪವಾಸ ಎಂದರೆ ಒಂದೇ ಅರ್ಥ. ಅವಳು ರಾತ್ರಿ ಎಂಟಕ್ಕೆ ಉಂಡು ಕೈ ತೊಳೆದವಳು, ಆ ಬೇಸಿಗೆಯಲ್ಲಿ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕಿರಲಿಲ್ಲ.

ಆಸ್ಪತ್ರೆ ಯಾವುದು ಎಂದು ನಾನು ಬರೆಯುವುದಿಲ್ಲ. ಬರೆದರೆ ಅದೊಂದೇ ಹೀಗೆ ಎಂದು ನೀವು ತಿಳಿದುಕೊಳ್ಳುವಿರಿ.

ರಕ್ತ ಪರೀಕ್ಷೆಯಲ್ಲಿ ‘ಖಾಲಿ ಹೊಟ್ಟೆ’ ಎಂದರೆ ಸುಮಾರು ಎಂಟು ತಾಸು ಆಹಾರ ಸೇವಿಸಬಾರದು, ಚಹಾ, ಹಾಲು, ಶರಬತ್ತು ಕುಡಿಯಬಾರದು ಎಂದಷ್ಟೇ. ಬರಿಯ ನೀರು ಕುಡಿಯಬಹುದು, ಕುಡಿಯುವುದೇ ಒಳ್ಳೆಯದು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತನಾಳ ಸುಲಭವಾಗಿ ಸಿಗುವುದಿಲ್ಲ. ಎರಡೆರಡು ಸಲ ಸೂಜಿ ಚುಚ್ಚಿಸಿಕೊಳ್ಳಬೇಕಾಗುತ್ತದೆ. ಇನ್ನೊಂದು ಮಾತು. ಎಲ್ಲ ಪರೀಕ್ಷೆಗೂ ಖಾಲಿ ಹೊಟ್ಟೆ ಬೇಕಿಲ್ಲ. ಹಿಮೋಗ್ಲೋಬಿನ್, ರಕ್ತದ ಗುಂಪು, ಎಚ್‌ಐವಿ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ, ಇವುಗಳಿಗೆ ಉಂಡು ಹೋದರೂ ನಡೆಯುತ್ತದೆ. ಬಸುರಿಯರ ಸಕ್ಕರೆ ಪರೀಕ್ಷೆಗೆ ನಮ್ಮ ಸರಕಾರದ ಮಾರ್ಗಸೂಚಿ ಹೇಳುವುದೇ ಬೇರೆ. ಹೊಟ್ಟೆ ಖಾಲಿ ಇರಲಿ, ತುಂಬಿರಲಿ, 75 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು, ಎರಡು ತಾಸಿನ ಬಳಿಕ ರಕ್ತ ತೆಗೆಯಬೇಕು. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸಿರಿನ ಸಕ್ಕರೆ ಕಾಯಿಲೆ. ದೂರದ ಹಳ್ಳಿಯಿಂದ ಬರುವ ಬಸುರಿ ಹಸಿದು ಬಳಲಬಾರದು, ಮತ್ತೊಂದು ದಿನ ಬಾ ಎಂದರೆ ಅವಳು ಬರಲಾರಳು ಎಂಬುದನ್ನು ತಿಳಿದವರೇ ಈ ವಿಧಾನವನ್ನು ರೂಪಿಸಿದ್ದಾರೆ. ನಮ್ಮ ಸೊಸೆಯ ಚೀಟಿಯಲ್ಲಿದ್ದದ್ದು ಹಿಮೋಗ್ಲೋಬಿನ್, ಮೂತ್ರ ಮತ್ತು ಈ ಸಕ್ಕರೆ ಪರೀಕ್ಷೆ. ಅಂದರೆ ಅವಳು ಹಸಿದು ಬರುವ ಅಗತ್ಯವೇ ಇರಲಿಲ್ಲ!

ಪ್ರಸಂಗ ಬಂದಿದ್ದರಿಂದ ಹೇಳಿಬಿಡುತ್ತೇನೆ. ರಮಝಾನ್‌ನಲ್ಲಿ ರಕ್ತ ಕೊಟ್ಟರೆ ರೋಝಾ ಮುರಿಯುತ್ತದೆಂದು ಪರೀಕ್ಷೆಯನ್ನು ಒಂದು ತಿಂಗಳು ಮುಂದೂಡುವವರು ನಮ್ಮಲ್ಲಿ ಬಹಳ. ಪರೀಕ್ಷೆಗಾಗಿ ಸ್ವಲ್ಪ ರಕ್ತ ತೆಗೆಸಿದರೆ ರೋಝಾ ಮುರಿಯುವುದಿಲ್ಲ. ಮದರಸಾದಲ್ಲಿ ನಾವು ಓದಿದ್ದೂ ಇದನ್ನೇ. ಸಂಶಯವಿದ್ದರೆ ನಿಮ್ಮ ಊರಿನ ಆಲಿಮರನ್ನು ಕೇಳಿ, ಆದರೆ ಕೇಳದೆ ಮುಂದೂಡಬೇಡಿ.

ಆಸ್ಪತ್ರೆಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆ ದಿನ ಪ್ರಯೋಗಾಲಯದಲ್ಲಿದ್ದುದು ಒಬ್ಬನೇ ಹುಡುಗ. ಕಿಟಕಿಯ ಆಚೆ ನೂರಾರು ಜನ. ಅವನು ಚಹಾ ಕುಡಿಯಲು ಎದ್ದದ್ದನ್ನು ನಾನು ನೋಡಲಿಲ್ಲ. ಪರೀಕ್ಷೆಗೆ ತಕ್ಕಂತೆ ಅವನು ಕೊಳವೆ ಬದಲಿಸುತ್ತಿದ್ದ. ನೇರಳೆ ಮುಚ್ಚಳದ್ದು ರಕ್ತಕಣಗಳ ಎಣಿಕೆಗೆ, ಬೂದು ಮುಚ್ಚಳದ್ದು ಸಕ್ಕರೆಗೆ. ನಾವು ಇದನ್ನು ಬಣ್ಣದ ಆಟ ಎಂದುಕೊಳ್ಳುತ್ತೇವೆ. ರಕ್ತ ಮೈಯಿಂದ ಹೊರಬಂದ ಮೇಲೂ ಅದರ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಸೆಕೆ ಹೆಚ್ಚಿದಷ್ಟೂ ಬೇಗ. ಅದನ್ನು ತಡೆಯುವುದಕ್ಕೆ ಬೂದು ಮುಚ್ಚಳದ ಕೊಳವೆಯಲ್ಲಿ ಫ್ಲೋರೈಡ್ ಇರುತ್ತದೆ. ತಪ್ಪು ಕೊಳವೆಗೆ ಹಾಕಿ ನಮ್ಮ ರಾಯಚೂರು ಬಿಸಿಲಿನಲ್ಲಿ ಎರಡು ತಾಸು ಇಟ್ಟರೆ, ಸಕ್ಕರೆ ಕಾಯಿಲೆ ಇರುವವಳ ರಿಪೋರ್ಟ್‌ನಲ್ಲೂ ಸಕ್ಕರೆ ಸರಿಯಾಗಿದೆ ಎಂದು ಬರಬಹುದು. ಆ ಹುಡುಗನಿಗೆ ಇದು ಗೊತ್ತು. ಬೆಂಚಿನ ಮೇಲೆ ಏನಾಗುತ್ತಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಅವನ ಕಿಟಕಿಯಿಂದ ಬೆಂಚು ಕಾಣುವುದೇ ಇಲ್ಲ.

ಇಟಲಿಯ ಪಡುವಾ ನಗರದ ಆಸ್ಪತ್ರೆಯಲ್ಲಿ ಪ್ಲೆಬಾನಿ ಮತ್ತು ಕರಾರೊ ಎಂಬಿಬ್ಬರು ತಮ್ಮ ಪ್ರಯೋಗಾಲಯದ ತಪ್ಪುಗಳನ್ನೆಲ್ಲ ಗುರುತು ಹಾಕಿಕೊಂಡು ಲೆಕ್ಕ ಮಾಡಿದರು. 1997ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ನೂರು ತಪ್ಪುಗಳಲ್ಲಿ 68 ತಪ್ಪುಗಳು ನಡೆದದ್ದು ರಕ್ತ ಯಂತ್ರವನ್ನು ಸೇರುವ ಮೊದಲೇ. ಹತ್ತು ವರ್ಷಗಳ ಬಳಿಕ ಮತ್ತೆ ಲೆಕ್ಕ ಹಾಕಿದಾಗಲೂ ಅದು ಸುಮಾರು 62 ಇತ್ತು. ಯಂತ್ರದಿಂದಾದ ತಪ್ಪು 15 ಮಾತ್ರ. ಉಳಿದದ್ದು ಪರೀಕ್ಷೆಯ ನಂತರದ ತಪ್ಪುಗಳು. ಎಲ್ಲ ಅನುಕೂಲವಿರುವ ಆಸ್ಪತ್ರೆಯ ಕಥೆಯೇ ಇದು. ಹೀಗಿರುವಾಗ ಆಸ್ಪತ್ರೆಗೆ ಹೊಸ ಯಂತ್ರ ಬಂತೆಂದು ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಳ್ಳುವುದನ್ನು ಕಂಡಾಗ, ಆ ಯಂತ್ರದ ತನಕ ಹೋಗುವ ದಾರಿಯನ್ನು ಯಾರು ನೋಡುತ್ತಾರೆ ಎಂದು ನನಗೆ ಅನಿಸುತ್ತದೆ.

ದಾರಿಯನ್ನು ನೋಡುವವರು ಇದ್ದಾರೆ. ಮೊಬೈಲ್ ತಯಾರಿಸುವ ಕಂಪನಿಗಳವರು ಜನರ ಪಕ್ಕದಲ್ಲಿ ಕುಳಿತು, ಇವರು ಯಾವ ಗುಂಡಿ ಒತ್ತುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ಗಮನಿಸುತ್ತಾರೆ. ಬಳಕೆದಾರರ ಅನುಭವದ ಅಧ್ಯಯನ ಎಂದು ಅದಕ್ಕೆ ಹೆಸರು. ಇದನ್ನು ಆಸ್ಪತ್ರೆಗೂ ತಂದವರಿದ್ದಾರೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯವರು, ನೆದರ್‌ಲ್ಯಾಂಡ್ಸ್‌ನ ನೋರಾ ಎಂಗೆಲ್ ಮತ್ತು ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಮಧುಕರ್ ಪೈ ಅವರೊಂದಿಗೆ ಸೇರಿ ದಕ್ಷಿಣ ಭಾರತದಲ್ಲಿ ಇಂಥದೇ ಒಂದು ಅಧ್ಯಯನ ಮಾಡಿದ್ದರು. 2015ರಲ್ಲಿ ಅದು ಪ್ರಕಟವಾಯಿತು. 78 ಮಂದಿಯ ಸಂದರ್ಶನ, 13 ಗುಂಪು ಚರ್ಚೆ. ಡಾಕ್ಟರು, ನರ್ಸು, ಪ್ರಯೋಗಾಲಯದವರು, ಆರೋಗ್ಯ ಕಾರ್ಯಕರ್ತೆಯರು, ರೋಗಿಗಳು, ಎಲ್ಲರನ್ನೂ ಮಾತನಾಡಿಸಿದರು. ಚೀಟಿ ಬರೆದ ಗಳಿಗೆಯಿಂದ ಉತ್ತರ ಕೈಗೆ ಬಂದು ಚಿಕಿತ್ಸೆ ಶುರುವಾಗುವ ತನಕ ಏನೇನಾಗುತ್ತದೆ ಎಂದು ಬೆನ್ನುಹತ್ತಿ ಹೋದರು. ಪರೀಕ್ಷೆಯ ಸಾಮಗ್ರಿ ಇದ್ದರೂ ಸಾಲದು, ಕೆಲಸದ ಓಟ, ಹಣ, ಮನುಷ್ಯರ ನಡುವಿನ ಸಂಬಂಧ, ಇವು ಕೂಡಿ ಬರದಿದ್ದರೆ ಅದೇ ಭೇಟಿಯಲ್ಲಿ ಉತ್ತರ ಸಿಗುವುದಿಲ್ಲ ಎಂಬುದು ಅವರು ಕಂಡುಕೊಂಡ ಮುಖ್ಯ ವಿಷಯ.

ನನ್ನ ಮನಸ್ಸಿಗೆ ಬಹಳ ತಟ್ಟಿದ್ದು ಮಾತ್ರ ಪಾಕಿಸ್ತಾನದ ರಾವಲ್ಪಿಂಡಿಯ ಒಂದು ಸಂಗತಿ. ಅಲ್ಲಿಯ ಕ್ಷಯ ರೋಗ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿದರೆ ಗಂಡಸರಿಗಿಂತ ಹೆಂಗಸರಲ್ಲಿ ರೋಗ ಸಿಗುವುದು ಕಡಿಮೆ ಇತ್ತು. ಹೆಂಗಸರಿಗೆ ರೋಗವೇ ಕಡಿಮೆಯೇ? ಅಥವಾ ನಾಲ್ಕು ಜನರ ನಡುವೆ ಗಟ್ಟಿಯಾಗಿ ಕೆಮ್ಮಿ ಎದೆಯಾಳದಿಂದ ಕಫ ತೆಗೆಯಲು ನಾಚಿ, ಬರಿಯ ಎಂಜಲನ್ನು ಡಬ್ಬಿಗೆ ಉಗುಳಿ ಕೊಡುತ್ತಿದ್ದಾರೆಯೇ? ಮಿಶಾಲ್ ಖಾನ್ ಮತ್ತು ಅವರ ಜೊತೆಗಾರರು ಒಂದು ಗುಂಪಿನವರಿಗೆ ಪರೀಕ್ಷೆಗೆ ಮೊದಲು ಕಫ ಹೇಗೆ ತೆಗೆಯಬೇಕೆಂದು ಬಿಡಿಸಿ ಹೇಳಿದರು. ಇನ್ನೊಂದು ಗುಂಪಿನವರಿಗೆ ಎಂದಿನಂತೆ ಡಬ್ಬಿ ಕೊಟ್ಟರು. ಹೇಳಿಸಿಕೊಳ್ಳದ ಹೆಂಗಸರಲ್ಲಿ ನೂರಕ್ಕೆ 8 ಮಂದಿಯಲ್ಲಿ ಕ್ಷಯ ಸಿಕ್ಕಿತು, ಹೇಳಿಸಿಕೊಂಡವರಲ್ಲಿ ನೂರಕ್ಕೆ 13. ಗಂಡಸರಲ್ಲಿ ಅಂಥ ವ್ಯತ್ಯಾಸ ಬರಲಿಲ್ಲ. 2007ರಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ, ನಾಲ್ಕು ಮಾತು. ಆ ಮಾತು ಸಿಗದೆ ‘ನಿನಗೇನೂ ಇಲ್ಲ’ ಎನಿಸಿಕೊಂಡು ಕ್ಷಯವನ್ನು ಎದೆಯಲ್ಲಿಟ್ಟುಕೊಂಡು ಮನೆಗೆ ಹೋಗಿ ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡ ತಾಯಂದಿರು ಎಷ್ಟು ಮಂದಿಯೋ!

ಇನ್ನು ಮೂತ್ರದ ಶೀಸೆಯ ಮಾತು. ನಾಚಿಕೆಯ ವಿಷಯ ಎನ್ನಬೇಡಿ, ಬರೆಯಲೇಬೇಕು. ಆ ದಿನ ನಮ್ಮ ಸೊಸೆಯ ಕೈಗೆ ಒಂದು ಪುಟ್ಟ ಡಬ್ಬಿ ಕೊಟ್ಟು ‘ಹಿಡಿದುಕೊಂಡು ಬಾ’ ಎಂದರು. ಶೌಚಾಲಯ ಕಟ್ಟಡದ ಇನ್ನೊಂದು ತುದಿಗೆ. ಒಳಗೆ ಡಬ್ಬಿ ಇಡಲು ಒಂದು ಕಟ್ಟೆ ಇಲ್ಲ, ಬುರ್ಖಾ ತೂಗುಹಾಕಲು ಒಂದು ಮೊಳೆ ಇಲ್ಲ. ಹೊರಬಂದು ಆ ಡಬ್ಬಿಯನ್ನು ಗಂಡಸರ ಸಾಲಿನ ಮುಂದಿನಿಂದಲೇ ತರಬೇಕು. ಅವಳು ದುಪಟ್ಟಾದ ಅಂಚಿನಲ್ಲಿ ಮುಚ್ಚಿಕೊಂಡು ತರುವಾಗ ಅರ್ಧ ಚೆಲ್ಲಿತು. ಮತ್ತೆ ಹೋಗು ಎಂದರು. ಮೊದಲ ಧಾರೆ ಬಿಟ್ಟು ನಡುವಿನ ಮೂತ್ರ ಹಿಡಿಯಬೇಕು, ಇಲ್ಲದಿದ್ದರೆ ಸೋಂಕು ಇಲ್ಲದಿದ್ದರೂ ಇದೆಯೆಂದು ಬರಬಹುದು. ಇದನ್ನು ಹೇಳಲು ಅಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಕೆಲವು ಆಸ್ಪತ್ರೆಗಳಲ್ಲಿ ಶೌಚಾಲಯದ ಗೋಡೆಗೇ ಪ್ರಯೋಗಾಲಯದ ಕಡೆ ತೆರೆಯುವ ಸಣ್ಣ ಕಿಂಡಿ ಇಟ್ಟಿರುತ್ತಾರೆ, ಡಬ್ಬಿಯನ್ನು ಅಲ್ಲೇ ಇಟ್ಟು ಬರಬಹುದು. ಅಷ್ಟಾಗದಿದ್ದರೆ ಒಂದು ಕಂದು ಕಾಗದದ ಚೀಲವಾದರೂ ಸಾಕು. ಅದಕ್ಕೆ ಎಷ್ಟು ಖರ್ಚಾದೀತು?

ನಮ್ಮೂರಿನ ಮುಂದೆಯೇ ರಾಯಚೂರು ರಸ್ತೆಯ ಬಸ್ಸುಗಳು ಹೋಗುತ್ತವೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ಹಾಗಾಗಿ ಇನ್ನೊಮ್ಮೆ ಬಂದರೆ ಏನು ಕಷ್ಟ ಎಂದು ಕಿಟಕಿಯ ಆಚೆಯವರಿಗೆ ಅನಿಸುತ್ತದೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಕೀಳುವ ಹೆಂಗಸಿಗೆ ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಯಿತು. ಆ ದಿನ ನಾವು ಹೆಸರು ಬರೆಸುವಲ್ಲಿ, ಡಾಕ್ಟರ ಬಾಗಿಲಲ್ಲಿ, ಮುದ್ರೆ ಹಾಕಿಸುವಲ್ಲಿ, ರಕ್ತ ಕೊಡುವಲ್ಲಿ, ಹೀಗೆ ನಾಲ್ಕು ಸಾಲಿನಲ್ಲಿ ನಿಂತೆವು. ರಿಪೋರ್ಟ್ ಸಂಜೆ ನಾಲ್ಕಕ್ಕೆ ಎಂದರು. ಅವಳ ದೊಡ್ಡ ಮಗು ಮನೆಯಲ್ಲಿ ಅಜ್ಜಿಯ ಹತ್ತಿರ ಅಳುತ್ತಿತ್ತು. ಡಾಕ್ಟರು ಒಂದು ಗಂಟೆಗೇ ಎದ್ದು ಹೋಗಿರುತ್ತಾರೆ, ರಿಪೋರ್ಟ್ ತೆಗೆದುಕೊಂಡರೂ ತೋರಿಸುವುದು ಯಾರಿಗೆ? ನಾವು ಹಿಂತಿರುಗಿದೆವು. ಅದು ನನ್ನ ತಪ್ಪು ಕೂಡ. ಓದಿದವಳು ನಾನು, ಮರುದಿನ ಹೋಗಿ ತರಬಹುದಿತ್ತು. ಮದುವೆ, ನೆಂಟರು ಎಂದು ಮರೆತೆ.

ಹನ್ನೊಂದು ದಿನಗಳ ಬಳಿಕ ಆಶಾ ಕಾರ್ಯಕರ್ತೆ ತಾಯಿ ಕಾರ್ಡಿನಲ್ಲಿ ತುಂಬಲು ರಿಪೋರ್ಟ್ ಕೇಳಿದಾಗ ಯಾರೋ ಹೋಗಿ ತಂದರು. ಹಿಮೋಗ್ಲೋಬಿನ್ 6.4. ಬಸುರಿಯಲ್ಲಿ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ. ಹೆರಿಗೆಯ ಸಮಯದಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ಇಂಥವರು ಉಳಿಯುವುದು ಕಷ್ಟ. ಅಂಥ ರಿಪೋರ್ಟ್ ಹನ್ನೊಂದು ದಿನ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತಿತ್ತು. ನಾನು ಅದನ್ನು ಎರಡು ಸಲ ಓದಿದೆ. ಎಲ್ಲ ಇಂಗ್ಲಿಷಿನಲ್ಲಿತ್ತು. ಬಿ.ಎ. ಮಾಡಿದ ನನಗೇ ಯಾವುದು ಅವಳ ಅಂಕಿ, ಯಾವುದು ಇರಬೇಕಾದ ಅಂಕಿ ಎಂದು ಹುಡುಕಬೇಕಾಯಿತು. ಅವಳು ಮದರಸಾದಲ್ಲಿ ಉರ್ದು ಓದಿದವಳು, ಕನ್ನಡ ಕೂಡಿಸಿ ಓದುತ್ತಾಳೆ. ರಿಪೋರ್ಟ್ ಅವಳ ಕೈಯಲ್ಲಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ.

ಯಾರೂ ಏಕೆ ಫೋನ್ ಮಾಡಲಿಲ್ಲ? 1972ರಷ್ಟು ಹಿಂದೆಯೇ ಅಮೆರಿಕದ ಡಾಕ್ಟರ್ ಜಾರ್ಜ್ ಲುಂಡ್‌ಬರ್ಗ್ ಒಂದು ಪದ್ಧತಿಯನ್ನು ಬರೆದಿಟ್ಟಿದ್ದಾರೆ. ಪ್ರಾಣಕ್ಕೆ ಅಪಾಯ ಸೂಚಿಸುವ ಅಂಕಿ ಬಂದರೆ ಪ್ರಯೋಗಾಲಯದವರು ಯಾರೂ ಬಂದು ಕೇಳಲಿ ಎಂದು ಕಾಯದೆ ತಾವೇ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಈಗ ಒಳ್ಳೆಯ ಪ್ರಯೋಗಾಲಯಗಳು ಜಗತ್ತಿನಾದ್ಯಂತ ಇದನ್ನು ಪಾಲಿಸುತ್ತವೆ. ನಮ್ಮ ಪ್ರಯೋಗಾಲಯದ ಹುಡುಗನನ್ನು ನಂತರ ಕೇಳಿದಾಗ ಅವನು ಪುಸ್ತಕ ತೆಗೆದು ತೋರಿಸಿದ. ಅಂಕಿಯ ಸುತ್ತ ಕೆಂಪು ಗೆರೆ ಎಳೆದಿದ್ದ. ಫೋನ್ ಕೂಡ ಮಾಡಿಸಿದ್ದನಂತೆ. ಹೆಸರು ಬರೆಸುವಾಗ ಕೊಟ್ಟ ನಂಬರು ಅವಳ ಗಂಡನದು. ಅವನು ಬೆಂಗಳೂರಿನಲ್ಲಿ ಯಾವುದೋ ಕಟ್ಟಡದ ಮೇಲೆ, ಫೋನ್ ಕೆಳಗೆ ಚೀಲದಲ್ಲಿ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಗಂಡಸರು ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆ, ಆ ಮನೆಗಳ ಹೆಂಗಸರ ರಿಪೋರ್ಟಿನ ನಂಬರು ಯಾರದು? ಈ ಪ್ರಶ್ನೆ ಆಸ್ಪತ್ರೆಯಲ್ಲಿ ಕುಳಿತವರಿಗೆ ಹೊಳೆಯುವುದಿಲ್ಲ. ನಮಗೆ ಹೊಳೆಯಬೇಕಿತ್ತು.

ಅವಳನ್ನು ಅದೇ ದಿನ ರಾಯಚೂರಿಗೆ ಕಳುಹಿಸಿದರು. ರಕ್ತ ಕೊಡಿಸಬೇಕಾಯಿತು. ಅಲ್ಲಾಹನ ದಯೆಯಿಂದ ತಾಯಿಯೂ ಉಳಿದಳು, ಮಗುವೂ ಉಳಿಯಿತು. ಹೆಣ್ಣು ಮಗು, ಈಗ ಓಣಿಯ ತುಂಬ ಓಡಾಡುತ್ತದೆ.

ಸರಕಾರ ಕೇಳುವುದೇ ಇಲ್ಲ ಎಂದಲ್ಲ. 2016ರಲ್ಲಿ ಕೇಂದ್ರ ಸರಕಾರ ‘ಮೇರಾ ಅಸ್ಪತಾಲ್’ ಎಂಬ ವ್ಯವಸ್ಥೆ ತಂದಿತು. ಆಸ್ಪತ್ರೆಗೆ ಹೋಗಿ ಬಂದವರಿಗೆ ಮೊಬೈಲ್‌ಗೆ ಸಂದೇಶ ಅಥವಾ ಕರೆ ಬರುತ್ತದೆ, ಸೇವೆ ತೃಪ್ತಿ ತಂದಿತೇ ಎಂದು. ಇಲ್ಲಿಯೂ ಅದೇ ಗಂಡನ ಫೋನು. ಅವಳ ಕೈಗೇ ಬಂದರೂ ಅವಳು ಹೇಳುವುದು ‘ಚಲೋ ಇತ್ತು’ ಎಂದೇ. ನಾಳೆ ಮತ್ತೆ ಅದೇ ಕಿಟಕಿಗೆ ಹೋಗಬೇಕಲ್ಲ. ‘ಚಲೋ ಇತ್ತಾ’ ಎಂದು ಕೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ನಿನ್ನೆ ರಾತ್ರಿ ಏನು ಕುಡಿದೆ? ಮೊದಲು ಎಲ್ಲಿ ನಿಂತೆ? ಅಲ್ಲಿಂದ ಎಲ್ಲಿಗೆ ಹೋಗೆಂದರು?’ ಎಂದು ಕೇಳಬೇಕು. ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಂದಿದ್ದಾಗ ಪಡಸಾಲೆಯಲ್ಲಿ ಕಾಯುತ್ತಿದ್ದ ಮನೆಯವರ ಜೊತೆಗೇ ಮಾತನಾಡಿದರು. ಆಪರೇಷನ್ ಆದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಡುತ್ತಿಲ್ಲ ಎಂಬುದು ಅಲ್ಲಿ ತಿಳಿಯಿತು. ಮನೆಯವರಿಗೆ ಕಲಿಸುವ ಆ ಕೆಲಸವೇ 2014ರಲ್ಲಿ ನೂರಾ ಹೆಲ್ತ್ ಎಂಬ ಸಂಸ್ಥೆಯಾಯಿತು.

ನಾವು ಮಾಡಿದ್ದು ಅಷ್ಟು ದೊಡ್ಡದಲ್ಲ. ನನ್ನ ಮೂವರು ಹಳೆಯ ವಿದ್ಯಾರ್ಥಿನಿಯರು ಒಂದು ನೂರು ಪುಟದ ನೋಟುಬುಕ್ಕು ಹಿಡಿದರು. ಓಣಿಯಿಂದ ಯಾರೇ ಪರೀಕ್ಷೆಗೆ ಹೋಗಿ ಬಂದರೂ ಸಂಜೆ ಅವರ ಮನೆಗೆ ಹೋಗಿ ಕೇಳಿ ಬರೆದರು. ಜಾತಿ ಮತ ನೋಡಲಿಲ್ಲ, ಆ ಬೆಂಚಿಗೆ ಅದು ಗೊತ್ತೂ ಇಲ್ಲ. ರೋಗದ ಹೆಸರು ಬರೆಯಬಾರದು, ಹೆಂಗಸಿನ ಹೆಸರೂ ಬರೆಯಬಾರದು, ಇದು ಮೊದಲೇ ಮಾಡಿಕೊಂಡ ಕರಾರು. ಎಷ್ಟು ಹೊತ್ತಿಗೆ ಮನೆ ಬಿಟ್ಟರು, ಎಷ್ಟು ಕಡೆ ನಿಂತರು, ಯಾವ ಮಾತು ತಿಳಿಯಲಿಲ್ಲ, ಯಾರನ್ನು ಕೇಳಿದರು, ರಿಪೋರ್ಟ್ ಯಾವಾಗ ಬಂತು, ಅಷ್ಟೇ. ‘ಉಪಾಸ ಬಾ ಅಂದಾರ, ಹನಿ ನೀರು ಸುದ್ದಾ ಮುಟ್ಟಿಲ್ಲ’ ಎಂಬ ಮಾತು ಬೇರೆ ಬೇರೆ ಬಾಯಿಂದ ಮತ್ತೆ ಮತ್ತೆ ಬಂತು. ಶ್ರಾವಣ ಸೋಮವಾರ ಮಾಡುವ ನೆರೆಯ ಅಜ್ಜಿಗೂ ಅದೇ ಗೊಂದಲ.

ನೋಟುಬುಕ್ಕನ್ನು ದೂರಿನಂತೆ ಕೊಂಡೊಯ್ಯಲಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಊರಿನವರೂ ಅದರಲ್ಲಿ ಸದಸ್ಯರಿರುತ್ತಾರೆ. ಅವರ ಸಭೆಗೆ ಮೊದಲು ಪ್ರಯೋಗಾಲಯದ ಹುಡುಗನಿಗೇ ತೋರಿಸಿದೆವು. ಅವನು ಪುಟ ತಿರುವುತ್ತ ಮೊದಲು ಮುಖ ಗಂಟು ಹಾಕಿಕೊಂಡ, ಆಮೇಲೆ ನಕ್ಕ. “ಇದು ನನಗ ಮೊದಲೇ ಗೊತ್ತಿದ್ರ ಎಷ್ಟು ನಾಳ ಹುಡುಕೋದು ತಪ್ಪುತಿತ್ತು ಮೇಡಂ” ಎಂದ. ಈಗ ಅಲ್ಲಿ ಚೀಟಿಯ ಮೇಲೆ ಒತ್ತುವ ಒಂದು ರಬ್ಬರ್ ಮುದ್ರೆ ಬಂದಿದೆ: ‘ಖಾಲಿ ಹೊಟ್ಟೆ ಬೇಕು, ನೀರು ಕುಡಿಯಬಹುದು’ ಎಂದು ಒಂದು, ‘ಊಟ ಮಾಡಿ ಬರಬಹುದು’ ಎಂದು ಇನ್ನೊಂದು. ಉರ್ದುವಿನಲ್ಲಿ ನನ್ನ ವಿದ್ಯಾರ್ಥಿನಿಯೇ ಬರೆದು ಗೋಡೆಗೆ ಅಂಟಿಸಿದ್ದಾಳೆ. ಹೆಸರು ಬರೆಸುವಲ್ಲಿ ‘ಮನೆಯಲ್ಲಿ ಇರುವವರ ಫೋನು’ ಎಂದು ಕೇಳಲು ಶುರು ಮಾಡಿದ್ದಾರೆ. ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯ ನಂಬರು. ಶೌಚಾಲಯದೊಳಗೆ ಒಂದು ಮೊಳೆ, ಒಂದು ಕಲ್ಲಿನ ಹಲಗೆ ಬಂತು. ಕಿಂಡಿ ಬರಲಿಲ್ಲ. ಗೋಡೆ ಒಡೆಯಲು ಮೇಲಿನವರ ಅನುಮತಿ ಬೇಕಂತೆ. ಕಾಗದದ ಚೀಲ ಎರಡು ತಿಂಗಳು ಇತ್ತು, ಮುಗಿಯಿತು. ರಿಪೋರ್ಟ್ ಇನ್ನೂ ಇಂಗ್ಲಿಷಿನಲ್ಲೇ ಇದೆ.

ಸರಕಾರದ ಉಚಿತ ಪರೀಕ್ಷೆಗಳ ಯೋಜನೆಯಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 63 ಬಗೆಯ, ಸಮುದಾಯ ಆರೋಗ್ಯ ಕೇಂದ್ರದಲ್ಲಿ 97 ಬಗೆಯ, ಜಿಲ್ಲಾ ಆಸ್ಪತ್ರೆಯಲ್ಲಿ 134 ಬಗೆಯ ಪರೀಕ್ಷೆಗಳು ಸಿಗಬೇಕು. ನಿಮ್ಮೂರಲ್ಲಿ ಎಷ್ಟು ಸಿಗುತ್ತವೆ ಎಂದು ಕೇಳಿ ನೋಡಿ. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆಯ ದಿನ, 2016ರಿಂದ ನಡೆದು ಬಂದಿದೆ. ಆ ದಿನ ಜನ ಹೆಚ್ಚು, ನೋಟುಬುಕ್ಕು ಹಿಡಿದು ಕೂರಲು ಒಳ್ಳೆಯ ದಿನವೂ ಅದೇ. ನೀವು ಬರೆದದ್ದರಲ್ಲಿ ಒಂದೆರಡು ಪುಟವನ್ನು ನನಗೂ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಆಸ್ಪತ್ರೆಯ ಹೆಸರು ಬೇಡ, ಯಾವ ಮಾತು ತಿಳಿಯಲಿಲ್ಲ ಎಂಬುದು ಇದ್ದರೆ ಸಾಕು.

ನಮ್ಮ ಆ ಸೊಸೆ ಮತ್ತೆ ಬಸುರಿ. ಹೋದ ವಾರ ಪರೀಕ್ಷೆಗೆ ಹೊರಟಾಗ ನಾನು ಬರಲೇ ಎಂದೆ. ಬೇಡ ಬಾಜಿ ಎಂದಳು. ಕೈಯಲ್ಲಿ ಒಂದು ನೀರಿನ ಬಾಟಲಿ, ಚೀಲದಲ್ಲಿ ಎರಡು ರೊಟ್ಟಿ, ಜೊತೆಗೆ ಓಣಿಯ ಇನ್ನೊಬ್ಬಳು ಹೊಸ ಬಸುರಿಯನ್ನು ಕರೆದುಕೊಂಡು ಬಸ್ಸು ಹತ್ತಿದಳು.